ಉಗುರಿನಷ್ಟು ವೆಜಿಮೈಟ್, ಊರಷ್ಟು ಆರೋಗ್ಯ

ಶೇಕಡಾ 40ರಷ್ಟು ಉಪ್ಪು ಕಡಿಮೆ ಮಾಡಿದ ವೆಜಿಮೈಟ್ ಆಸ್ಟ್ರೇಲಿಯಾದ ಅಂಗಡಿಗಳಿಗೆ ಬಂದು ವರ್ಷಗಳೇ ಆದವು. ಆದರೂ ಆ ಜಾಡಿಯ ಮುಂದೆ ನಿಂತಾಗಲೆಲ್ಲ ಚಪ್ಪಲಿ ಬಿಟ್ಟು ಕೈಮುಗಿಯೋಣ ಎನಿಸುತ್ತದೆ. ಎಂಥ ಕರುಣೆ, ಎಂಥ ತ್ಯಾಗ! ಅದರ ಪಕ್ಕದಲ್ಲೇ ಪೂರ್ತಿ ಉಪ್ಪಿನ ಹಳೆಯ ಜಾಡಿಯೂ ಇದೆ, ಅದೇ ಹಳದಿ ಮುಚ್ಚಳ, ಅದೇ ಮನೆತನ. ಒಂದು ನಮ್ಮ ನಾಲಿಗೆಗಂತೆ, ಇನ್ನೊಂದು ನಮ್ಮ ರಕ್ತದೊತ್ತಡಕ್ಕಂತೆ. ಬ್ರಿಟನ್ನಿನವರು ಇಷ್ಟು ಉದಾರಿಗಳಲ್ಲ. ವೆಜಿಮೈಟಿನ ದಾಯಾದಿಯಾದ ಅವರ ಮಾರ್ಮೈಟ್ ಶೇಕಡಾ 25ಕ್ಕೇ ಸುಸ್ತಾಗಿ ಕುಳಿತಿದೆ.

ಮೆಲ್ಬರ್ನಿನ ಕನ್ನಡಿಗರಿಗೆ ಇದನ್ನೇನೂ ವಿವರಿಸಬೇಕಾಗಿಲ್ಲ. ಊರಿನಲ್ಲಿರುವವರಿಗಾಗಿ ಒಂದು ಮಾತು: ವೆಜಿಮೈಟ್ ಎಂದರೆ ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟಿನಿಂದ ಮಾಡಿದ, ಪುಳಿಯೋಗರೆ ಗೊಜ್ಜಿನ ಬಣ್ಣದ, ಬ್ರೆಡ್ಡಿನ ಮೇಲೆ ಸವರುವ ಪದಾರ್ಥ. ಬಣ್ಣಕ್ಕೆ ಮರುಳಾಗಿ ಚಮಚದ ತುಂಬ ತೆಗೆದುಕೊಂಡ ನಮ್ಮವರ ಮುಖವನ್ನು ನೋಡುವುದೇ ಇಲ್ಲಿನವರಿಗೆ ಒಂದು ಮನರಂಜನೆ. ಇದನ್ನು ತಿನ್ನುವ ಕ್ರಮವೇ ಬೇರೆ. ಬ್ರೆಡ್ಡನ್ನು ಸುಟ್ಟು, ಬೆಣ್ಣೆ ಬಳಿದು, ಚಾಕುವಿನ ತುದಿಯಲ್ಲಿ ಉಗುರಿನಷ್ಟು ತೆಗೆದು, ಬಣ್ಣ ಹತ್ತಿತೋ ಇಲ್ಲವೋ ಎನ್ನುವಂತೆ ಎಳೆಯಬೇಕು.

ಈಗ ಲೆಕ್ಕ ನೋಡಿ. ಲೇಬಲ್ಲಿನ ಪ್ರಕಾರ ಒಂದು ಸಲದ ಪ್ರಮಾಣ 5 ಗ್ರಾಂ. ಹಳೆಯ ಜಾಡಿಯದಾದರೆ ಅದರಲ್ಲಿ ಉಪ್ಪಿನ ಮುಖ್ಯ ಅಂಶವಾದ ಸೋಡಿಯಂ ಸುಮಾರು 165 ಮಿಲಿಗ್ರಾಂ, ಹೊಸದಾದರೆ ಸುಮಾರು 100. ಉಳಿತಾಯ ಅರವತ್ತೈದರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ದಿನದ ಮಿತಿ 2000 ಮಿಲಿಗ್ರಾಂ. ಅಂದರೆ ನಮ್ಮ ಹೃದಯವನ್ನು ಕಾಯಲು ಹೊರಟ ಈ ಮಹಾವೀರ ದಿನದ ಮಿತಿಯ ಮೂವತ್ತನೆಯ ಒಂದು ಭಾಗವನ್ನು ಉಳಿಸಿಕೊಟ್ಟಿದ್ದಾನೆ. ಅದೂ ನಾವು ರುಚಿ ಸಾಲದೆಂದು ಇನ್ನೊಂದು ಪದರ ಬಳಿಯದಿದ್ದರೆ ಮಾತ್ರ. ಬಳಿದರೆ ಉಳಿಸಿದ್ದೂ ಹೋಯಿತು, ಮೇಲೊಂದಿಷ್ಟು ಕೈಯಿಂದಲೂ ಹೋಯಿತು.

ಅದರ ಕೆಳಗಿರುವ ಎರಡು ತುಂಡು ಬ್ರೆಡ್ಡಿನಲ್ಲಿ ಎಷ್ಟಿದೆ? ಸುಮಾರು 300 ಮಿಲಿಗ್ರಾಂ. ಉಪ್ಪಿನ ಬೆಣ್ಣೆಯಾದರೆ ಅದರದು ಬೇರೆ. ಬ್ರೆಡ್ಡು ತಣ್ಣಗೆ ತಿಳಿ ಬಣ್ಣದಲ್ಲಿ ಕುಳಿತಿರುತ್ತದೆ, ಯಾರೂ ಅದನ್ನು ಅನುಮಾನಿಸುವುದಿಲ್ಲ. ವೆಜಿಮೈಟ್ ಕಪ್ಪಗಿದೆ, ನಾಲಿಗೆಯನ್ನು ಚುರುಕ್ಕೆನಿಸುತ್ತದೆ, ಆದ್ದರಿಂದ ಅಪರಾಧಿ. ಪೊಲೀಸ್ ಠಾಣೆಗಳಲ್ಲಿಯೂ ವಿಚಾರಣೆ ಹೀಗೆಯೇ ನಡೆಯುತ್ತದೆ ಎಂದು ಕೇಳಿದ್ದೇನೆ.

ಬ್ರೆಡ್ಡಿನ ವಿಷಯ ಬಂದಾಗ 2009 ನೆನಪಾಗುತ್ತದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಬ್ರೆಡ್ಡಿನ ಗೋಧಿಹಿಟ್ಟಿಗೆ ಫೋಲಿಕ್ ಆಮ್ಲ ಎಂಬ ಬಿ ವಿಟಮಿನ್ ಬೆರೆಸುವುದನ್ನು ಆಸ್ಟ್ರೇಲಿಯಾ ಕಡ್ಡಾಯ ಮಾಡಿತು. ಅಕ್ಟೋಬರಿನಲ್ಲಿ ಬ್ರೆಡ್ಡಿಗೆ ಹಾಕುವ ಉಪ್ಪು ಅಯೋಡಿನ್ ಉಪ್ಪೇ ಆಗಿರಬೇಕೆಂಬ ನಿಯಮ ಬಂದಿತು. ಒಂದು ಇಡೀ ದೇಶದ ಬೆಳಗಿನ ತಿಂಡಿಯೇ ಬದಲಾಯಿತು. ದೇಶ ಮಾತ್ರ ಆಗ ಬೇರೆ ವಿಷಯಕ್ಕೆ ಕೆಂಡವಾಗಿತ್ತು. ವೆಜಿಮೈಟಿಗೆ ಕ್ರೀಮ್ ಚೀಸ್ ಬೆರೆಸಿದ ಹೊಸ ತಿನಿಸಿಗೆ ಕಂಪನಿಯವರು ‘ಐಸ್ನ್ಯಾಕ್ 2.0’ ಎಂದು ನಾಮಕರಣ ಮಾಡಿಬಿಟ್ಟಿದ್ದರು. ಜನ ಎಷ್ಟು ಉಗಿದರೆಂದರೆ ಕೆಲವೇ ದಿನಗಳಲ್ಲಿ ಹೆಸರನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಿಟ್ಟಿನಲ್ಲಿ ಏನಿದೆ ಎಂದು ಕೇಳದ ಜನ, ಹೆಸರಿನಲ್ಲಿ ಏನಿದೆ ಎಂದು ದಂಗೆ ಎದ್ದರು. ಮಾರಾಟಗಾರರು ಅಂದೇ ಪಾಠ ಕಲಿತಿರಬೇಕು.

2011ರಲ್ಲಿ ಪುಟ್ಟ ಮಕ್ಕಳಿಗೆಂದು ಉಪ್ಪು ಇಳಿಸಿದ ‘ಮೈ ಫಸ್ಟ್ ವೆಜಿಮೈಟ್’ ಕೂಡ ಬಂದಿತ್ತು. ಅನ್ನಪ್ರಾಶನ ಮಾಡಿಸುವ ಪುರೋಹಿತರನ್ನೂ ಜೊತೆಗೆ ಕಳಿಸಬಹುದಿತ್ತು, ಕಳಿಸಲಿಲ್ಲ. ಅದು ಹೆಚ್ಚು ದಿನ ಬಾಳಲಿಲ್ಲ.

ಈ ಕಪ್ಪು ಗೊಜ್ಜಿನ ಜಾತಕವೇ ವಿಚಿತ್ರ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಗರ್ಭಿಣಿಯರಾದಾಗ ವಿಪರೀತ ರಕ್ತಹೀನತೆಯಿಂದ ನರಳುತ್ತಿದ್ದರು, ಸಾಯುತ್ತಲೂ ಇದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ವಿಲ್ಸ್ ಆ ಹೆಂಗಸರ ಊಟ ನೋಡಿದರು, ಇಲಿಗಳ ಮೇಲೆ ಪ್ರಯೋಗ ಮಾಡಿದರು, ಕೋತಿಗಳ ಮೇಲೆ ಮಾಡಿದರು. ಕೊನೆಗೆ ಗುಣ ಕೊಟ್ಟದ್ದು ಮಾರ್ಮೈಟ್. ಅಗ್ಗದ ಯೀಸ್ಟಿನ ಸಾರ! 1931ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದರಲ್ಲಿದ್ದ ಅಜ್ಞಾತ ವಸ್ತುವನ್ನು ಬಹಳ ದಿನ ‘ವಿಲ್ಸ್ ಅಂಶ’ ಎಂದೇ ಕರೆಯುತ್ತಿದ್ದರು. ಅದೇ ಫೋಲೇಟ್. 2009ರಲ್ಲಿ ಆಸ್ಟ್ರೇಲಿಯಾ ಹಿಟ್ಟಿಗೆ ಬೆರೆಸಿದ್ದು ಇದರದೇ ಕೃತಕ ರೂಪವನ್ನು. ಗಿರಣಿಯ ಆ ಹೆಂಗಸರಿಗೆ ಇದು ಜೀವ ಉಳಿಸಿದ ಔಷಧ. ಇಂದು ಅದೇ ಮನೆತನದ ಪದಾರ್ಥವನ್ನು ‘ಕಡಿಮೆ ಅಪಾಯಕಾರಿ’ ಎನ್ನುವ ದನಿಯಲ್ಲಿ ನಮಗೆ ಮಾರುತ್ತಿದ್ದಾರೆ.

ಇದಕ್ಕೆ ಬಂದ ಅಪವಾದ ಉಪ್ಪೊಂದೇ ಅಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸಚಿವ ನೈಜಲ್ ಸ್ಕಲಿಯನ್, ಪಾನನಿಷೇಧವಿರುವ ಮೂಲನಿವಾಸಿಗಳ ಊರುಗಳಲ್ಲಿ ವೆಜಿಮೈಟಿನಿಂದ ಕಳ್ಳಭಟ್ಟಿ ಮಾಡುತ್ತಿದ್ದಾರೆ, ಮಾರಾಟಕ್ಕೆ ಕಡಿವಾಣ ಬೇಕಾದೀತು ಎಂದರು. ಜಾಡಿಯಲ್ಲಿರುವ ಯೀಸ್ಟ್ ಸತ್ತ ಯೀಸ್ಟ್, ಅದು ಯಾವುದನ್ನೂ ಹುದುಗಿಸಲಾರದು ಎಂದು ವಿಜ್ಞಾನಿಗಳು ವಿವರಿಸಬೇಕಾಯಿತು. ಮೂಲನಿವಾಸಿಗಳ ಮನೆ, ನೀರು, ಆಸ್ಪತ್ರೆಗಳ ಬಗ್ಗೆ ಚರ್ಚಿಸುವುದಕ್ಕಿಂತ ಜಾಡಿಯ ಬಗ್ಗೆ ಚರ್ಚಿಸುವುದು ಸುಲಭ. ಜಾಡಿ ವಾಪಸ್ ಮಾತನಾಡುವುದಿಲ್ಲ.

ಉಪ್ಪು ತಿಂದವನು ನೀರು ಕುಡಿಯಬೇಕು ಎಂದು ನಮ್ಮ ಗಾದೆ. ಇಲ್ಲಿ ಉಪ್ಪು ತಿನ್ನಿಸಿದವರೇ ನೀರಿನ ಬಾಟಲಿಯನ್ನೂ ಮಾರುತ್ತಾರೆ, ಆಮೇಲೆ ಇಷ್ಟೊಂದು ಬಾಯಾರಿಕೆ ಏಕೆಂದು ನಮ್ಮನ್ನೇ ಕೇಳುತ್ತಾರೆ. ನಿಜವಾಗಿಯೂ ಸಾಕಾಗಿದೆ. ಸಿರಿವಂತ ದೇಶಗಳ ಜನ ತಿನ್ನುವ ಉಪ್ಪಿನಲ್ಲಿ ಬಹುಪಾಲು ಅವರು ಕೈಯಾರೆ ಹಾಕಿಕೊಂಡದ್ದಲ್ಲ, ಕಾರ್ಖಾನೆಯಲ್ಲಿ ಹಾಕಿ ಕಳಿಸಿದ್ದು. ಬ್ರೆಡ್, ಸಾಸ್, ಸೂಪು, ನೂಡಲ್ಸ್, ಬಿಸ್ಕತ್ತು, ಎಲ್ಲದರಲ್ಲೂ. ಅದನ್ನು ಇಳಿಸುವ ಕೆಲಸ ಕಾರ್ಖಾನೆಯದು, ಇಳಿಸುವಂತೆ ಮಾಡುವ ಕೆಲಸ ಸರ್ಕಾರದ್ದು. ಆಸ್ಟ್ರೇಲಿಯಾ ಸರ್ಕಾರ ಗುರಿಗಳನ್ನೇನೋ ಹಾಕಿದೆ, ಅವೆಲ್ಲ ಸ್ವಯಂಪ್ರೇರಿತ. ಸ್ವಯಂಪ್ರೇರಣೆಯಿಂದ ಲಾಭ ಬಿಟ್ಟುಕೊಟ್ಟ ವ್ಯಾಪಾರಿಯನ್ನು ಯಾರಾದರೂ ಕಂಡಿದ್ದರೆ ಅವನ ವಿಳಾಸ ಕೊಡಿ, ಹಾರ ಹಾಕಿ ಬರುತ್ತೇನೆ.

ಮಾಡಲಾಗದ ಕೆಲಸವೇನೂ ಅಲ್ಲ. ಬ್ರಿಟನ್ 2004ರಲ್ಲಿ ಸಿಡ್ ಎಂಬ ಚಿಪ್ಪಿಲ್ಲದ ಬಸವನಹುಳುವನ್ನು ಜಾಹೀರಾತಿಗಿಳಿಸಿ ಉಪ್ಪಿನ ವಿರುದ್ಧ ಪ್ರಚಾರ ಮಾಡಿತು. ಉಪ್ಪು ತಯಾರಕರ ಸಂಘ ಹುಳುವಿನ ಮೇಲೆ ದೂರು ಕೊಟ್ಟಿತು. ಹುಳುವಿಗೂ ಅಷ್ಟು ಮರ್ಯಾದೆ! ಆದರೆ ಕೆಲಸ ಮಾಡಿದ್ದು ಹುಳುವಿನ ಹಿಂದೆ ನಡೆದ ಒತ್ತಾಯ. ಬ್ರೆಡ್ಡಿನಲ್ಲಿ ವರ್ಷವರ್ಷಕ್ಕೂ ಚೂರುಚೂರೇ ಉಪ್ಪು ಇಳಿಸಿದರು. ತಿನ್ನುವವರ ನಾಲಿಗೆಗೆ ಸುಳಿವೇ ಸಿಗಲಿಲ್ಲ. ಒಬ್ಬರ ದಿನದ ಉಪ್ಪು ಸರಾಸರಿ 9.5 ಗ್ರಾಂನಿಂದ 2011ರ ಹೊತ್ತಿಗೆ 8.1ಕ್ಕೆ ಬಂದಿತು. ದಕ್ಷಿಣ ಆಫ್ರಿಕಾ ಇನ್ನೂ ನೇರ. 2016ರಿಂದ ಬ್ರೆಡ್ ಮತ್ತಿತರ ತಿನಿಸುಗಳ ಉಪ್ಪಿಗೆ ಕಾನೂನಿನ ಮಿತಿ ಜಾರಿಯಾಯಿತು. ಎರಡು ದೇಶಗಳಲ್ಲೂ ಯಾರೂ ಲೇಬಲ್ ಓದಿ ಪುಣ್ಯ ಸಂಪಾದಿಸಬೇಕಾಗಲಿಲ್ಲ.

ನಮ್ಮ ಭಾರತ ಎಲ್ಲಿದೆ ಎಂದಿರಾ? ನಕ್ಷತ್ರ ಎಣಿಸುತ್ತಿದೆ. 2022ರಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಪೊಟ್ಟಣದ ಮುಂಭಾಗದಲ್ಲಿ ಅರ್ಧದಿಂದ ಐದರವರೆಗೆ ನಕ್ಷತ್ರ ಮುದ್ರಿಸುವ ಕರಡು ತಂದಿತು. ಚಿಲಿ ದೇಶ 2016ರಲ್ಲೇ ‘ಉಪ್ಪು ಹೆಚ್ಚು’ ಎಂದು ಕಪ್ಪು ಅಷ್ಟಭುಜದ ಮುದ್ರೆ ಒತ್ತಿಸಿತ್ತು. ಅಂಥ ಎಚ್ಚರಿಕೆಯೇ ಬೇಕೆಂದು ಭಾರತದ ಆರೋಗ್ಯ ತಜ್ಞರು ಎಷ್ಟು ಹೇಳಿದರೂ ಕರಡಿನವರಿಗೆ ನಕ್ಷತ್ರವೇ ಇಷ್ಟವಾಯಿತು. ಅದರ ಲೆಕ್ಕದಲ್ಲಿ ಉಪ್ಪಿಗೆ ಅಂಕ ಕಳೆದರೂ ನಾರಿನಂಶ, ಪ್ರೋಟೀನ್ ಇದ್ದರೆ ಒಂದಿಷ್ಟು ವಾಪಸ್ ಬರುತ್ತದೆ. ಖಾರಾ ಸೇವಿಗೆ ಚಿಟಿಕೆ ಹೊಟ್ಟು ಸೇರಿಸಿ ಪಾಪ ಪರಿಹಾರ ಮಾಡಿಸಿಕೊಳ್ಳಬಹುದು. ಸತ್ಯನಾರಾಯಣ ಪೂಜೆಯ ಖರ್ಚೂ ಇಲ್ಲ.

ಇನ್ನು ಸ್ವಲ್ಪ ದಿನಗಳಲ್ಲಿ ನಮ್ಮಲ್ಲೂ ಎರಡೆರಡು ಜಾಡಿ ಅಕ್ಕಪಕ್ಕ ಕುಳಿತು, ಚಟ್ನಿಪುಡಿಯೊಂದು ‘ಹೃದಯಸ್ನೇಹಿ’ ಎಂದು ಬೆಲೆಯನ್ನು ಎರಡರಷ್ಟು ಏರಿಸಿಕೊಂಡರೆ ಆಶ್ಚರ್ಯವಿಲ್ಲ. ಆಗಲಿ. ಚಟ್ನಿಪುಡಿಯನ್ನೂ ವೆಜಿಮೈಟನ್ನೂ ಎಷ್ಟು ತಿನ್ನಬೇಕೆಂದು ನಾಲಿಗೆಯೇ ಹೇಳುತ್ತದೆ, ಎರಡನೆಯ ತುತ್ತಿಗೆ ಮುಂಚೆಯೇ. ಬ್ರೆಡ್ಡು ಹೇಳುವುದಿಲ್ಲ, ಬಿಸ್ಕತ್ತು ಹೇಳುವುದಿಲ್ಲ, ಎರಡು ನಿಮಿಷದ ನೂಡಲ್ಸಿನ ಮಸಾಲೆ ಚೀಟಿಯಂತೂ ಬಾಯಿ ಬಿಡುವುದೇ ಇಲ್ಲ. ಕಡಿಮೆ ಮಾಡುವುದಿದ್ದರೆ ಸ್ವಾಮಿ, ಅಲ್ಲಿ ಮಾಡಿ. ಉಗುರಿನಷ್ಟು ಗೊಜ್ಜನ್ನು ನಾವು ನೋಡಿಕೊಳ್ಳುತ್ತೇವೆ.