ಸತ್ಯಾಂಶ: ಬಿಪಿ ಮಾತ್ರೆಯಿಂದ ಕಿಡ್ನಿ ಹೋಗುತ್ತದೆಯೇ?

‘ಬಿಪಿ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕಿಡ್ನಿ ಹೋಗುತ್ತದೆ, ಇವತ್ತೇ ನಿಲ್ಲಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಓಡಾಡುತ್ತಿದೆ. ವಿಷಯ ತಿರುಗುಮುರುಗಾಗಿದೆ. ಕಿಡ್ನಿ ಕೆಡಿಸುವುದು ಹತೋಟಿ ತಪ್ಪಿದ ಬಿಪಿ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಜಾಲರಿಗಳಿವೆ. ಜಾಲರಿಗೆ ರಕ್ತ ತರುವ ಪುಟ್ಟ ನಾಳ ಒತ್ತಡ ಏರಿದಾಗ ಬಿಗಿದುಕೊಂಡು, ಇಳಿದಾಗ ಸಡಿಲಗೊಂಡು ಅದನ್ನು ಕಾಯುತ್ತದೆ. ಬಿಪಿ ಬಹುಕಾಲ ಹೆಚ್ಚೇ ಇದ್ದರೆ, ಜತೆಗೆ ಸಕ್ಕರೆ ಕಾಯಿಲೆಯೂ ಸೇರಿದರೆ, ಈ ಹಿಡಿತ ಕೈಕೊಡುತ್ತದೆ. ಏಟು ನೇರ ಜಾಲರಿಗೆ. ಮೂತ್ರದಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಸೋರತೊಡಗುತ್ತದೆ. ನೋವೇ ಇರುವುದಿಲ್ಲ, ಅದೇ ಮೋಸ.

ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಜಾಲರಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಜಾಲರಿಯ ಮೇಲಿನ ಒತ್ತಡ ತಗ್ಗಿಸುತ್ತದೆ. ಶುರುವಿನಲ್ಲಿ ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ, ತುಸು ಏರಬಹುದು. ಗಾಬರಿ ಹುಟ್ಟುವುದು ಬಹುಶಃ ಇಲ್ಲೇ. ಅದಕ್ಕೇ ವೈದ್ಯರು ರಕ್ತಪರೀಕ್ಷೆ ಬರೆದುಕೊಡುವುದು. ಕಿಡ್ನಿಗೆ ನಿಜಕ್ಕೂ ಪೆಟ್ಟು ಕೊಡಬಲ್ಲ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಮಾತ್ರ ಮಂಡಿನೋವಿಗೆಂದು ಚೀಟಿಯಿಲ್ಲದೆ ತಂದು ನುಂಗುತ್ತೇವೆ.