ಲೆಕ್ಕ ಬೇಕು, ಲೆಕ್ಕ ಬರೆಯುವವರಿಗೆ ಮಾತ್ರ ಕಾಸಿಲ್ಲ

"ನಿಮ್ಮ ಕೆಲಸ ನಮಗೆ ತುಂಬಾ ಇಷ್ಟವಾಯಿತು. ಆದರೆ ಬಜೆಟ್‌ನಲ್ಲಿ ಆಡಳಿತ ವೆಚ್ಚ ಸ್ವಲ್ಪ ಜಾಸ್ತಿ ಕಾಣುತ್ತಿದೆ. ಅದನ್ನು ಕಡಿಮೆ ಮಾಡಿ ಮತ್ತೊಮ್ಮೆ ಕಳಿಸಿ."

ಅನುದಾನಕ್ಕೆ ಅರ್ಜಿ ಹಾಕಿದ್ದ ಕಡೆಯಿಂದ ಮತ್ತೆ ಇದೇ ಉತ್ತರ. ಕೊಡುವವರು ಬೇರೆ ಬೇರೆ, ಮಾತು ಮಾತ್ರ ಒಂದೇ. ಎಲ್ಲರೂ ಒಬ್ಬರ ಕೈಯಲ್ಲೇ ಬರೆಸುತ್ತಾರೇನೋ ಅನ್ನಿಸುತ್ತದೆ.

ಆ ಜಾಸ್ತಿಯಾದ ಆಡಳಿತ ವೆಚ್ಚ ಯಾವುದು ಅಂತ ಹೇಳುತ್ತೇನೆ ಕೇಳಿ. ವಾರಕ್ಕೆ ಎರಡು ದಿನ ಬಂದು ಲೆಕ್ಕ ಬರೆಯುವವರ ಸಂಬಳ. ಮಕ್ಕಳು ಸಂಜೆ ಕೂತು ಓದುವ ಕೋಣೆಯ ಬಾಡಿಗೆ. ಆಡಿಟರ್ ಫೀಸು. ಮುಗೀತು. ನಮ್ಮದು ಪುಟ್ಟ ಸಂಘ. ಕಾರಿಲ್ಲ, ಆಫೀಸಿಲ್ಲ, ಕಾರ್ಯದರ್ಶಿಯಾದ ನನಗೆ ಸಂಬಳವೂ ಇಲ್ಲ. ಮಕ್ಕಳಿಗೆ ಪುಸ್ತಕ ಕೊಡಿಸುತ್ತಾರಂತೆ, ಆ ಪುಸ್ತಕ ಇಡುವ ಕೋಣೆಗೆ ಬಾಡಿಗೆ ಕೊಡುವುದಿಲ್ಲವಂತೆ. ಪಾಠ ಹೇಳುವವರಿಗೆ ಗೌರವಧನ ಕೊಡುತ್ತಾರಂತೆ, ಅದಕ್ಕೆ ವೋಚರ್ ಬರೆದು, ಸಹಿ ಹಾಕಿಸಿ, ಫೈಲ್ ಮಾಡುವವರಿಗೆ ಏನೂ ಇಲ್ಲವಂತೆ.

ಈಗ ಅದೇ ಸಂಸ್ಥೆಯ ಷರತ್ತುಗಳ ಪಟ್ಟಿ ನೋಡಿ. ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ಪ್ರತಿ ಬಿಲ್ಲಿಗೂ ನಂಬರ್ ಹಾಕಿ, ಸ್ಕ್ಯಾನ್ ಮಾಡಿ, ಅವರು ಹೇಳಿದ ಹೆಸರಿನಲ್ಲೇ ಸೇವ್ ಮಾಡಬೇಕು. ಮೂರು ತಿಂಗಳಿಗೊಮ್ಮೆ ಖರ್ಚಿನ ವರದಿ, ಅದೂ ಅವರ ಎಕ್ಸೆಲ್ ಶೀಟಿನಲ್ಲೇ. ಆ ಶೀಟಿನಲ್ಲಿ ಅರ್ಧಕ್ಕರ್ಧ ಸೆಲ್‌ಗಳಿಗೆ ಲಾಕ್. ಒಂದು ಸಾಲು ಸೇರಿಸೋಣ ಅಂದರೆ ಆಗುವುದಿಲ್ಲ. ಒಟ್ಟು ಮೊತ್ತದಲ್ಲಿ ಚಿಲ್ಲರೆ ವ್ಯತ್ಯಾಸ ಬಂದರೂ ಇಡೀ ಕಾಲಂ ಕೆಂಪಾಗುತ್ತದೆ. ವರ್ಷದ ಕೊನೆಗೆ ಆಡಿಟ್ ವರದಿ, ಆಡಳಿತ ಮಂಡಳಿಯ ಠರಾವು, ಸಭೆಗಳ ನಡಾವಳಿ, ಎಲ್ಲದರ ಪ್ರತಿ ಕಳಿಸಬೇಕು.

ಇದನ್ನೆಲ್ಲ ಯಾರು ಮಾಡಬೇಕು? ರಾತ್ರಿ ದೆವ್ವ ಬಂದು ಮಾಡಿಟ್ಟು ಹೋಗುತ್ತದಾ?

ಲೆಕ್ಕ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ಕೇಳಲೇಬೇಕು. ಬಡವರ ಹೆಸರಲ್ಲಿ ದುಡ್ಡು ಎತ್ತಿ ಮನೆ ಕಟ್ಟಿಸಿಕೊಂಡವರು ಈ ಕ್ಷೇತ್ರದಲ್ಲಿ ಇದ್ದಾರೆ, ಅದು ಎಲ್ಲರಿಗೂ ಗೊತ್ತು. ಆದರೆ ಕಳ್ಳನನ್ನು ಹಿಡಿಯಬೇಕಾದರೆ ಬೇಕಾಗಿರುವುದೇ ನೆಟ್ಟಗೆ ಲೆಕ್ಕ ಬರೆಯುವ ಒಬ್ಬರು. ಮೊದಲು ಕತ್ತರಿ ಬೀಳುವುದು ಅವರ ಸಂಬಳಕ್ಕೇ. ಇದು ಯಾವ ಸೀಮೆಯ ನ್ಯಾಯ?

ಅನುಭವಸ್ಥರು ಒಂದು ಉಪಾಯ ಹೇಳಿಕೊಡುತ್ತಾರೆ. "ಲೆಕ್ಕ ಬರೆಯುವವರು ಅಂತ ಹಾಕಬೇಡಿ. ಕಾರ್ಯಕ್ರಮ ಸಂಯೋಜಕರು ಅಂತ ಹಾಕಿ, ಪಾಸಾಗುತ್ತದೆ." ಬಾಡಿಗೆಯನ್ನು ಕಲಿಕಾ ಕೇಂದ್ರದ ವೆಚ್ಚ ಅನ್ನಬೇಕಂತೆ. ಅಂದರೆ ಪಾರದರ್ಶಕತೆಯ ಹೆಸರಲ್ಲಿ ಎಲ್ಲರಿಗೂ ಸುಳ್ಳು ಬರೆಯುವುದನ್ನು ಕಲಿಸುತ್ತಿದ್ದಾರೆ. ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲದ ಹಾಗೆ ಇರುತ್ತಾರೆ.

ಇದು ಹೊಸ ವಿಷಯವೂ ಅಲ್ಲ. 2009ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ಸೋಷಿಯಲ್ ಇನ್ನೊವೇಶನ್ ರಿವ್ಯೂ ಪತ್ರಿಕೆ ಈ ವಿಷಚಕ್ರವನ್ನು ಬಿಡಿಸಿ ಹೇಳಿತ್ತು. ಕೊಡುವವರು ಆಡಳಿತ ವೆಚ್ಚ ಇಷ್ಟೇ ಇರಬೇಕು ಅಂತ ಆಗದ ಹೋಗದ ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ತೆಗೆದುಕೊಳ್ಳುವವರು ಹೆದರಿ ಖರ್ಚನ್ನು ಕಡಿಮೆ ತೋರಿಸುತ್ತಾರೆ. ಆ ಸುಳ್ಳು ಅಂಕಿ ನೋಡಿದ ಕೊಡುವವರು ಮುಂದಿನ ಸಲ ಇನ್ನೂ ಕಡಿಮೆ ಕೇಳುತ್ತಾರೆ. 2013ರಲ್ಲಿ ಅಲ್ಲಿನ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ ದಾನಿಗಳಿಗೆ ಬಹಿರಂಗ ಪತ್ರವನ್ನೇ ಬರೆದವು. ಆಡಳಿತ ವೆಚ್ಚದ ಶೇಕಡಾವಾರು ನೋಡಿ ಒಂದು ಸಂಸ್ಥೆಯ ಯೋಗ್ಯತೆ ಅಳೆಯಬೇಡಿ ಅಂತ. ದಾನ ಪಡೆಯುವ ಸೇವಾ ಸಂಸ್ಥೆಗಳನ್ನು ಅಳೆದು ತೂಗಿ ಹೆಸರು ಮಾಡಿದವರೇ ಬರೆದ ಪತ್ರ ಅದು! ಎಲ್ಲರೂ ಓದಿದರು, ತಲೆಯಾಡಿಸಿದರು. ಅರ್ಜಿ ನಮೂನೆಯಲ್ಲಿ ಶೇಕಡಾ ಕಾಲಂ ಹಾಗೇ ಉಳಿಯಿತು.

ಈ ಶೇಕಡಾ ಲೆಕ್ಕದಲ್ಲೇ ನನಗೆ ಅತಿ ಹೆಚ್ಚು ಸಿಟ್ಟು. ಆಡಳಿತ ವೆಚ್ಚ ಶೇಕಡಾ 5 ದಾಟಬಾರದು ಅಂತ ದೊಡ್ಡ ಸಂಸ್ಥೆಗೂ ಹೇಳುತ್ತಾರೆ, ನಮ್ಮಂಥ ಪುಟ್ಟ ಸಂಘಕ್ಕೂ ಹೇಳುತ್ತಾರೆ. ದೊಡ್ಡ ಅನುದಾನದಲ್ಲಿ ಶೇಕಡಾ 5 ಅಂದರೆ ಒಬ್ಬ ಮ್ಯಾನೇಜರ್ ಸಂಬಳ ಹುಟ್ಟುತ್ತದೆ. ನಮ್ಮ ಅನುದಾನದ ಶೇಕಡಾ 5ರಲ್ಲಿ ಆಡಿಟರ್ ಫೀಸೂ ಹುಟ್ಟುವುದಿಲ್ಲ. ಸಂಘ ಚಿಕ್ಕದು ಅಂತ ಆಡಿಟರ್ ಅರ್ಧ ಆಡಿಟ್ ಮಾಡುತ್ತಾರಾ? ಬ್ಯಾಂಕಿನವರು ಸಹಿದಾರರ ಬದಲಾವಣೆಗೆ ಕಡಿಮೆ ಕಾಗದ ಕೇಳುತ್ತಾರಾ? ವಾರ್ಷಿಕ ವರದಿಯ ಪುಟ ಕಡಿಮೆಯಾಗುತ್ತದಾ? ಇಲ್ಲ. ಒಂದು ಸಂಘವನ್ನು ಕಾನೂನಿನ ಪ್ರಕಾರ ಜೀವಂತವಾಗಿ ಇಡುವುದಕ್ಕೆ ಕನಿಷ್ಠ ಖರ್ಚು ಅಂತ ಒಂದಿರುತ್ತದೆ. ದೊಡ್ಡವರಿಗೆ ಅದು ಲೆಕ್ಕಕ್ಕೇ ಇಲ್ಲ, ನಮಗೆ ಅದೇ ಬೆಟ್ಟ.

ಸರ್ಕಾರಗಳೂ ಈ ವಿಷಯದಲ್ಲಿ ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಭಾರತದ ವಿದೇಶಿ ದೇಣಿಗೆ ಕಾಯ್ದೆಯಲ್ಲಿ ಆಡಳಿತ ವೆಚ್ಚಕ್ಕೆ ಶೇಕಡಾ 50ರ ಮಿತಿ ಇತ್ತು, 2020ರ ತಿದ್ದುಪಡಿ ಅದನ್ನು ಶೇಕಡಾ 20ಕ್ಕೆ ಇಳಿಸಿತು. ಜೊತೆಗೆ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು. ದೊಡ್ಡವರ ಮೂಲಕ ಚಿಕ್ಕವರಿಗೆ ಬರುತ್ತಿದ್ದ ದಾರಿಯೇ ಬಂದ್. ಅಮೆರಿಕದ ಕೇಂದ್ರ ಸರ್ಕಾರ 2024ರಲ್ಲಿ ಇದಕ್ಕೆ ಉಲ್ಟಾ ಮಾಡಿತು. ಪರೋಕ್ಷ ವೆಚ್ಚಕ್ಕೆ, ಅಂದರೆ ಇದೇ ಬಾಡಿಗೆ, ಲೆಕ್ಕದಂಥ ಖರ್ಚಿಗೆ, ಸರ್ಕಾರದ ಜೊತೆ ಮೊದಲೇ ದರ ನಿಗದಿ ಮಾಡಿಸಿಕೊಳ್ಳದ ಸಂಸ್ಥೆಗಳು ಅನುದಾನದಲ್ಲಿ ನೇರವಾಗಿ ಹಾಕಿಕೊಳ್ಳಬಹುದಾದ ದರವನ್ನು ಶೇಕಡಾ 10ರಿಂದ 15ಕ್ಕೆ ಏರಿಸಿತು. ಅದೇನು ಭಾರಿ ಉದಾರತನ ಅಲ್ಲ, ಆದರೆ ಖರ್ಚು ಇದೆ ಅಂತಾದರೂ ಒಪ್ಪಿಕೊಂಡರಲ್ಲ.

ಇನ್ನು ಸಂಘಗಳ ಆಡಳಿತ ಸುಧಾರಿಸಲು ಅಂತ ಅನುದಾನ ಕೊಡುವವರು ನೀಡುವ ಬೆಂಬಲದ ಕಥೆ. ನಮಗೆ ಲೆಕ್ಕಕ್ಕೆ ಜನ ಬೇಕು ಅಂತ ಕೇಳಿದರೆ ಕಾರ್ಯಾಗಾರ ಕೊಡುತ್ತಾರೆ. ವಾರದ ದಿನ, ಬೆಳಗ್ಗೆಯಿಂದ ಸಂಜೆವರೆಗೆ. ನಮ್ಮ ಮಂಡಳಿಯಲ್ಲಿ ಇರುವವರೆಲ್ಲ ದುಡಿದು ತಿನ್ನುವ ಜನ. ಕೆಲಸಕ್ಕೆ ರಜೆ ಹಾಕಿ, ಸಂಬಳ ಕಳೆದುಕೊಂಡು ಬಂದು ಕೂರಬೇಕು. ಕೂತರೆ ಏನು? ಒಳ್ಳೆಯ ಮಂಡಳಿಯಲ್ಲಿ ವಕೀಲರೊಬ್ಬರು, ಹಣಕಾಸು ತಜ್ಞರೊಬ್ಬರು, ಪ್ರಚಾರ ಬಲ್ಲವರೊಬ್ಬರು ಇರಬೇಕು ಅಂತ ಸ್ಲೈಡ್ ಬರುತ್ತದೆ. ಅಂಥವರನ್ನು ಎಲ್ಲಿಂದ ತರುವುದು ಅನ್ನುವುದಕ್ಕೆ ಮಾತ್ರ ಸ್ಲೈಡ್ ಇಲ್ಲ. ಕೊನೆಗೆ ನೀತಿಗಳ ಒಂದು ಕಟ್ಟು ಕೈಗೆ ಬರುತ್ತದೆ. ಹಿತಾಸಕ್ತಿ ಸಂಘರ್ಷದ ನೀತಿ, ಮಕ್ಕಳ ರಕ್ಷಣೆಯ ನೀತಿ, ದೂರುಗಳ ನೀತಿ, ಎಲ್ಲ ರೆಡಿಮೇಡ್. ಸಂಘದ ಹೆಸರು ತುಂಬಿ ಸಹಿ ಹಾಕಿದರೆ ಆಯಿತು. ನಮಗೆ ಕೊಟ್ಟ ಕಟ್ಟಿನಲ್ಲಿ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೆ ದೂರು ಸಲ್ಲಿಸಬೇಕು ಅಂತ ಇತ್ತು. ನಮ್ಮಲ್ಲಿ ವಿಭಾಗ ಹಾಗಿರಲಿ, ಪೂರ್ತಿ ವಾರ ಸಂಬಳಕ್ಕೆ ದುಡಿಯುವವರು ಒಬ್ಬರೂ ಇಲ್ಲ!

ಮಕ್ಕಳ ರಕ್ಷಣೆಯ ನೀತಿ ನಿಜವಾಗಿ ಬೇಕಾದದ್ದು, ಅದಕ್ಕೇ ಇದು ಹೆಚ್ಚು ಹೊಟ್ಟೆ ಉರಿಸುತ್ತದೆ. ಪಾಠ ಹೇಳಲು ಬರುವವರ ಹಿನ್ನೆಲೆ ವಿಚಾರಿಸಬೇಕು, ಒಬ್ಬರೇ ಮಕ್ಕಳ ಜೊತೆ ಇರದ ಹಾಗೆ ನೋಡಿಕೊಳ್ಳಬೇಕು. ಅದಕ್ಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಯಾವ ಕಾಲಂನಲ್ಲಿ ಬರುತ್ತಾರೆ ಹೇಳಿ? ಅದೇ, ಜಾಸ್ತಿಯಾದ ಆಡಳಿತ ವೆಚ್ಚ.

ಮೀಸಲು ನಿಧಿಯದ್ದು ಇನ್ನೊಂದು ತಮಾಷೆ. ಅರ್ಜಿಯಲ್ಲಿ ಕೇಳುತ್ತಾರೆ, ಕೆಲವು ತಿಂಗಳ ಖರ್ಚಿಗೆ ಆಗುವಷ್ಟು ಮೀಸಲು ಇದೆಯೇ? ಇಲ್ಲ ಅಂದರೆ ನೀವು ಆರ್ಥಿಕವಾಗಿ ಸದೃಢರಲ್ಲ. ಇದೆ ಅಂದರೆ ನಿಮಗೆ ನಮ್ಮ ದುಡ್ಡು ಯಾಕೆ? ಮೀಸಲು ಮಾಡುವುದಾದರೂ ಹೇಗೆ? ಕೊಟ್ಟ ದುಡ್ಡೆಲ್ಲ ಅದೇ ಯೋಜನೆಗೆ ಖರ್ಚಾಗಬೇಕು, ಉಳಿದರೆ ವಾಪಸ್ ಮಾಡಬೇಕು. ಕೊನೆಯ ಕಂತಂತೂ ವರದಿ ಒಪ್ಪಿದ ಮೇಲೆಯೇ. ಅಲ್ಲಿವರೆಗೆ ನಾವು ನಮ್ಮ ಕೈಯಿಂದ ಹಾಕಿ ನಡೆಸಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರಲ್ಲ, ಇಲ್ಲಿ ಅದು ಪೂರ್ತಿ ತಿರುಗುಮುರುಗು.

"ಷರತ್ತಿಲ್ಲದೆ ಕೊಟ್ಟರೆ ನಿಮಗೆ ನಿಭಾಯಿಸಲು ಬರುವುದಿಲ್ಲ" ಅಂತಲೂ ಒಬ್ಬರು ಮುಖದ ಮೇಲೇ ಹೇಳಿದ್ದರು. ಸರಿ, ಕೊಟ್ಟವರ ಉದಾಹರಣೆ ನೋಡೋಣ. ಅಮೆರಿಕದ ಶ್ರೀಮಂತ ದಾನಿ ಮೆಕೆಂಜಿ ಸ್ಕಾಟ್ 2020ರಿಂದ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ಯಾವುದಕ್ಕೆ ಬೇಕಾದರೂ ಬಳಸಿಕೊಳ್ಳಿ ಅಂತ ದೊಡ್ಡ ದೊಡ್ಡ ಮೊತ್ತ ಕೊಡುತ್ತಾ ಬಂದಿದ್ದಾರೆ. ದಾನ ಕೊಡುವ ರೀತಿಯನ್ನು ಅಧ್ಯಯನ ಮಾಡುವ ಅಲ್ಲಿನ ಸೆಂಟರ್ ಫಾರ್ ಎಫೆಕ್ಟಿವ್ ಫಿಲಾಂತ್ರೊಪಿ ಸಂಸ್ಥೆ ಆ ಹಣ ಪಡೆದವರನ್ನು ವರ್ಷಗಟ್ಟಲೆ ಗಮನಿಸಿತು. ಅಷ್ಟು ದುಡ್ಡು ಒಮ್ಮೆಗೇ ಬಂದರೆ ಕುಸಿದು ಬೀಳುತ್ತಾರೆ ಅಂತ ಹೆದರಿದ್ದು ಬಹುಪಾಲು ನಡೆಯಲೇ ಇಲ್ಲ. ಜನರನ್ನು ಸೇರಿಸಿಕೊಂಡರು, ಮೀಸಲು ಇಟ್ಟರು, ಲೆಕ್ಕದ ವ್ಯವಸ್ಥೆ ಸರಿ ಮಾಡಿಕೊಂಡರು. ನಮಗೆ ಆ ಮಟ್ಟದ ದುಡ್ಡು ಬೇಡ. ಒಂದು ಸಣ್ಣ ಮೊತ್ತ, ಮೂರು ವರ್ಷಕ್ಕೆ, ಬಾಡಿಗೆಗೂ ಲೆಕ್ಕಕ್ಕೂ ಬಳಸಬಹುದು ಅಂತ ಒಂದು ಸಾಲು. ಸಾಕು.

ಸದ್ಯಕ್ಕೆ ನಮ್ಮ ಖಜಾಂಚಿ ಸ್ಥಾನ ಖಾಲಿ ಇದೆ. ಇದ್ದವರು ತುಂಬಾ ಒಳ್ಳೆಯವರು, ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿ ನಿವೃತ್ತರಾದವರು. ಎರಡು ಅನುದಾನಗಳ ಎರಡು ಥರದ ಶೀಟು ತುಂಬಿ ತುಂಬಿ, ಕೊನೆಗೆ ಆರೋಗ್ಯ ಸರಿ ಇಲ್ಲ ಅಂತ ಹೇಳಿ ಹೋದರು. ಆರೋಗ್ಯ ಚೆನ್ನಾಗೇ ಇದೆ, ಬೆಳಗ್ಗೆ ಬೆಳಗ್ಗೆ ವಾಕಿಂಗ್‌ನಲ್ಲಿ ಸಿಗುತ್ತಾರೆ. ಬೇರೆಯವರನ್ನು ಕೇಳಿದರೆ "ಕಾರ್ಯಕ್ರಮಕ್ಕೆ ಬೇಕಾದರೆ ಬರುತ್ತೇನೆ, ಲೆಕ್ಕದ ತಂಟೆ ಬೇಡ" ಅನ್ನುತ್ತಾರೆ. ಬೈಲಾ ಪ್ರಕಾರ ಖಜಾಂಚಿ ಸಹಿ ಇಲ್ಲದೆ ಚೆಕ್ ಹೋಗುವುದಿಲ್ಲ. ಹಾಗಾಗಿ ಈ ತಿಂಗಳ ಬಾಡಿಗೆಯೂ ನಿಂತಿದೆ. ಮೊನ್ನೆ ಭೇಟಿಗೆ ಬಂದಿದ್ದ ಅನುದಾನದ ಅಧಿಕಾರಿ ನೋಟ್‌ಬುಕ್ ತೆಗೆದು ಬರೆದುಕೊಂಡರು: "ಮಂಡಳಿಯಲ್ಲಿ ಹಣಕಾಸು ಪರಿಣತಿಯ ಕೊರತೆ." ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ತಿಂಗಳು ಇದರ ಬಗ್ಗೆಯೇ ಒಂದು ಕಾರ್ಯಾಗಾರ ಇದೆ, ಬನ್ನಿ ಅಂದರು.