ಸಾವಿರ ಡಾಲರಿನ ಪಟ್ಟಿಯಲ್ಲಿ ಇಲ್ಲದಿದ್ದ ಮೂರು ಸಾಮಾನುಗಳು

ನಿನ್ನೆ ಸಂಜೆ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದಾಗ ಅಕ್ಕನ ಮಗ ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, "ಮಾವ, ಇದನ್ನೊಂದು ಸಲ ನೋಡಿ, ಸರಿಯಾಗಿದೆಯಾ ಹೇಳಿ" ಎಂದ. ದಸರಾ ರಜೆಗೆ ಷಿಕಾಗೋದಿಂದ ಬಂದಿರುವ ಅವನು ಮುಂದಿನ ಗುರುವಾರ ಹೊರಡುತ್ತಾನೆ. ಹೋದ ಕೂಡಲೇ ಮನೆಯಲ್ಲಿ ಬಿಯರ್ ತಯಾರಿಸುವುದನ್ನು ಶುರು ಮಾಡಬೇಕೆಂಬುದು ಅವನ ಬಹುದಿನದ ಆಸೆ. ಫೋನಿನಲ್ಲಿದ್ದದ್ದು ಅದಕ್ಕೆಂದು ಕೊಳ್ಳಲಿರುವ ಸಾಮಾನಿನ ಪಟ್ಟಿ: 35 ಲೀಟರಿನ ವಿದ್ಯುತ್ ಕೊಳಗ, ಬಿಯರ್ ಹುದುಗಿಸುವುದಕ್ಕೆ ತಳ ಚೂಪಾಗಿರುವ ಸ್ಟೀಲ್ ಫರ್ಮೆಂಟರ್, ಬಾಟಲಿಯ ಬದಲು ಬಿಯರ್ ತುಂಬಿಡುವ ಎರಡು ಕೆಗ್‌ಗಳು, ಅವಕ್ಕೊಂದು ಗ್ಯಾಸ್ ಸಿಲಿಂಡರ್, ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು, ಒಡೆಯುವ ಗಿರಣಿ. ಒಟ್ಟು 1,140 ಡಾಲರ್. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಪಾತ್ರೆಗಳ ಸೋಂಕು ಕಳೆಯುವ ಸ್ಯಾನಿಟೈಸರ್ ಅದರಲ್ಲಿ ಇರಲಿಲ್ಲ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇರಲಿಲ್ಲ, ಫರ್ಮೆಂಟರಿನ ಮೈಗೆ ಅಂಟಿಸುವ ಪಟ್ಟಿ ಥರ್ಮಾಮೀಟರೂ ಇರಲಿಲ್ಲ. ಇದುವರೆಗೆ ಒಂದು ಲೋಟ ಬಿಯರನ್ನೂ ಮಾಡಿರದ ಹುಡುಗನಿಗೆ ಈ ಪಟ್ಟಿಯನ್ನು ಯಾರೋ 'ಹೊಸಬರಿಗೆ ಇಷ್ಟು ಬೇಕೇ ಬೇಕು' ಎಂದು ನಂಬಿಸಿದ್ದಾರೆ. ನನಗೆ ಬಂದ ಸಿಟ್ಟು ರಾತ್ರಿ ಊಟದ ಹೊತ್ತಿಗೂ ಇಳಿಯಲಿಲ್ಲ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದ ನನ್ನ ದಿನಗಳನ್ನು ಬಲ್ಲ ಗೆಳೆಯರಿಗೆ ಈ ಸಿಟ್ಟು ಹೊಸದೇನಲ್ಲ. ಹೊರಗಿನವರು ಓದಿದರೆ ತಪ್ಪು ತಿಳಿಯಬಾರದೆಂದು ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ನಂತರ, ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾನು ಮೈಸೂರಿಗೆ ಮರಳಿದ ಮೇಲೆ ಒಂದು ಹನಿಯನ್ನೂ ತಯಾರಿಸಿಲ್ಲ. ಈ ಬರಹ ಅಲ್ಲಿರುವ ನಮ್ಮ ಹುಡುಗರಿಗೆ.

ಹೊಸಬನ ಬಿಯರ್ ಕೆಡುವುದು ಪಾತ್ರೆಯ ಬೆಲೆ ಕಡಿಮೆಯಾದ್ದರಿಂದ ಅಲ್ಲವೇ ಅಲ್ಲ. ಒಂಬತ್ತು ವರ್ಷಗಳಲ್ಲಿ ನನ್ನದೂ ಸ್ನೇಹಿತರದೂ ಸೇರಿ ಕೆಟ್ಟುಹೋದ ಬಿಯರನ್ನೆಲ್ಲ ನೆನಪಿಸಿಕೊಂಡರೆ ಕಾರಣಗಳು ಮೂರೇ: ಪಾತ್ರೆ ಶುದ್ಧವಾಗಿರಲಿಲ್ಲ, ಹುದುಗುವಾಗ ಬಿಸಿ ಹೆಚ್ಚಾಗಿತ್ತು, ಹುದುಗುವುದು ಮುಗಿಯುವ ಮೊದಲೇ ಬಾಟಲಿಗೆ ತುಂಬಿಸಿದ್ದೆವು. ಈ ಮೂರಕ್ಕೂ ಬೇಕಾದ ಸಾಮಾನೇ ಆ ಪಟ್ಟಿಯಲ್ಲಿ ಇರಲಿಲ್ಲವೆಂಬುದು ನನ್ನ ತಕರಾರು.

ಶುದ್ಧಿಯ ಮಾತನ್ನು ನಮ್ಮ ಮನೆಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಉಪ್ಪಿನಕಾಯಿ ಜಾಡಿಯನ್ನು ತೊಳೆದು, ಬಿಸಿಲಿಗಿಟ್ಟು, ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಸೌಟನ್ನು ಅದರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಬಿಯರಿನಲ್ಲಿ ಈ ಮಡಿ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಉಪ್ಪಿನಕಾಯಿಗೆ ಉಪ್ಪು, ಹುಳಿ, ಎಣ್ಣೆಗಳ ಕಾವಲಿರುತ್ತದೆ. ಕುದಿಸಿ ಆರಿಸಿದ ಮಾಲ್ಟಿನ ಸಿಹಿನೀರಿಗೆ, ಅಂದರೆ ವರ್ಟ್‌ಗೆ, ಯೀಸ್ಟ್ ಕೆಲಸ ಶುರುಮಾಡುವವರೆಗೆ ಕಹಿಗೆಂದು ಹಾಕುವ ಹಾಪ್ಸ್ ಹೂ ಬಿಟ್ಟರೆ ಬೇರೆ ಕಾವಲಿಲ್ಲ. ಕುದಿಯುವ ಮೊದಲು ತಾಗುವ ಸೌಟು ಹೇಗಿದ್ದರೂ ನಡೆಯುತ್ತದೆ. ಆರಿದ ಮೇಲೆ ತಾಗುವ ಬಕೆಟ್ಟು, ಮುಚ್ಚಳ, ಒಳಗಿನ ಗಾಳಿಯನ್ನು ಹೊರಬಿಟ್ಟು ಹೊರಗಿನದನ್ನು ತಡೆಯುವ ಏರ್‌ಲಾಕ್, ಬಿಯರನ್ನು ಇನ್ನೊಂದು ಪಾತ್ರೆಗೆ ಇಳಿಸುವ ಸೈಫನ್ ಕೊಳವೆ, ಬಾಟಲಿ, ಕೊನೆಗೆ ಯೀಸ್ಟ್ ಪೊಟ್ಟಣವನ್ನು ಕತ್ತರಿಸುವ ಕತ್ತರಿ ಕೂಡ ಸೋಂಕು ಕಳೆದದ್ದಾಗಿರಬೇಕು. ಮೊದಲು ಕಣ್ಣಿಗೆ ಕಾಣುವ ಕೊಳೆಯನ್ನು ತೊಳೆಯಬೇಕು, ಆಮೇಲೆ ಸ್ಯಾನಿಟೈಸರ್ ಬಳಸಬೇಕು. ಕೊಳೆಯ ಮೇಲೆ ಸುರಿದ ಸ್ಯಾನಿಟೈಸರ್ ವ್ಯರ್ಥ. ಮತ್ತೆ ತೊಳೆಯಬೇಕಿಲ್ಲದ, ಆಮ್ಲ ಆಧಾರಿತ ಸ್ಯಾನಿಟೈಸರಿನ ಒಂದು ಚಿಕ್ಕ ಬಾಟಲಿ, ಲೇಬಲ್ಲಿನ ಅಳತೆಯಂತೆ ನೀರಿಗೆ ಬೆರೆಸಿದರೆ, ತಿಂಗಳುಗಟ್ಟಲೆ ಬರುತ್ತದೆ. ಅಗ್ಗವೆಂದು ಬ್ಲೀಚ್ ಬಳಸಿ ಸರಿಯಾಗಿ ತೊಳೆಯದೆ ಬಿಟ್ಟರೆ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ. ಕುಡಿದು ನೋಡಿದ್ದೇನೆ, ಆ ರುಚಿ ಈಗಲೂ ನಾಲಿಗೆಯಲ್ಲಿದೆ.

ಹುದುಗಿಸುವುದಕ್ಕೆ ಆಹಾರ ದರ್ಜೆಯ ಪ್ಲಾಸ್ಟಿಕ್ಕಿನ 25 ಲೀಟರ್ ಬಕೆಟ್ಟು ಧಾರಾಳವಾಗಿ ಸಾಕು. ಅದರಲ್ಲಿ 19 ಲೀಟರ್, ಅಂದರೆ ಐದು ಗ್ಯಾಲನ್ ಹಾಕಿದರೆ ನೊರೆ ಏರುವುದಕ್ಕೆ ಜಾಗ ಉಳಿಯುತ್ತದೆ. ಒಳಮೈಯನ್ನು ತಂತಿ ನಾರಿನಿಂದ ಉಜ್ಜಬಾರದು, ಗೀರು ಬಿದ್ದಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಗಾಜಿನ ದೊಡ್ಡ ಬುರುಡೆ ನೋಡಲು ಚೆಂದ, ಆದರೆ ಒದ್ದೆ ಕೈಯಿಂದ ಜಾರಿ ಒಡೆದರೆ ಆಗುವ ಗಾಯ ಸಣ್ಣದಲ್ಲ. ಹೊಸಬರಿಗೆ ಅದನ್ನು ನಾನು ಹೇಳುವುದೇ ಇಲ್ಲ.

ಇನ್ನು ಕುದಿಸುವ ಪಾತ್ರೆ. ಮಾಲ್ಟ್ ಕಾಳನ್ನೇ ನೆನೆಸಿ ರಸ ತೆಗೆಯುವ ಹಂತಕ್ಕೆ ಮೊದಲ ದಿನವೇ ಹೋಗಬೇಕಿಲ್ಲ. ಆ ರಸವನ್ನೇ ಗಟ್ಟಿ ಮಾಡಿ ಮಾರುವ ಮಾಲ್ಟ್ ಎಕ್ಸ್‌ಟ್ರಾಕ್ಟ್ ಕೊಂಡು, ಹನ್ನೆರಡು ಲೀಟರಿನ ಸ್ಟೀಲ್ ಪಾತ್ರೆಯಲ್ಲಿ ಏಳೆಂಟು ಲೀಟರ್ ಕುದಿಸಿ, ಮೊದಲೇ ಕುದಿಸಿ ತಣಿಸಿಟ್ಟ ನೀರನ್ನು ಬಕೆಟ್ಟಿನಲ್ಲಿ ಸೇರಿಸಿಕೊಂಡರೆ ಹತ್ತೊಂಬತ್ತು ಲೀಟರ್ ಆಗುತ್ತದೆ. ಅಂಥ ಪಾತ್ರೆ ಅವನ ಅಡುಗೆಮನೆಯಲ್ಲೇ ಇದೆ, ಕಳೆದ ವರ್ಷ ಅಕ್ಕನೇ ಕೊಟ್ಟು ಕಳಿಸಿದ್ದು. ಎಕ್ಸ್‌ಟ್ರಾಕ್ಟ್ ಹಾಕುವಾಗ ಒಲೆ ಆರಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಮತ್ತೆ ಕುದಿ ಬರುವಾಗ ಪಕ್ಕದಿಂದ ಅಲುಗಾಡಬಾರದು, ನೊರೆ ಒಮ್ಮೆಗೇ ಉಕ್ಕುತ್ತದೆ. ಪಾಂಡವಪುರದ ಕಡೆಯ ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತು ಬೆಳೆದವನಿಗೆ ಇದು ಹೊಸದೆನಿಸಲಿಲ್ಲ. ಕಬ್ಬಿನ ಹಾಲು ಉಕ್ಕುವುದೂ ಹೀಗೆಯೇ, ಬೆಂಡೆಯ ಲೋಳೆ ಹಾಕಿ ಅದನ್ನು ತಿಳಿಗೊಳಿಸುವುದಕ್ಕೂ ವರ್ಟ್‌ಗೆ ಕಡಲಪಾಚಿ ಹಾಕಿ ತಿಳಿಗೊಳಿಸುವುದಕ್ಕೂ ಉದ್ದೇಶ ಒಂದೇ. ಪ್ರತಿ ಅಡಿಗೆಗೂ ಮೊದಲು ಅಪ್ಪ ಕೊಪ್ಪರಿಗೆಯ ಒಳಗೆ ಕೈಯಾಡಿಸಿ ನೋಡುತ್ತಿದ್ದರು. ಅದು ಎಷ್ಟು ಹಳೆಯದೆಂದು ಯಾರೂ ಕೇಳುತ್ತಿರಲಿಲ್ಲ, ಹಿಂದಿನ ಅಡಿಗೆಯ ಅಂಟು ಉಳಿದಿದೆಯೇ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು.

ಬಿಸಿಯ ವಿಷಯವನ್ನು ಮಾತ್ರ ಎಷ್ಟು ಹೇಳಿದರೂ ನನಗೆ ಸಾಲದು. ಏಲ್ ಎಂಬ ಬಗೆಯ ಬಿಯರಿನ ಸಾಮಾನ್ಯ ಯೀಸ್ಟ್‌ಗೆ 18ರಿಂದ 21 ಡಿಗ್ರಿ ಸೆಲ್ಸಿಯಸ್ ಹಿತ. ಹುದುಗುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುವುದರಿಂದ ಬಕೆಟ್ಟಿನ ಒಳಗೆ ಕೋಣೆಗಿಂತ ಮೂರು, ನಾಲ್ಕು ಡಿಗ್ರಿ ಹೆಚ್ಚಿರಬಹುದು. 27ರ ಹತ್ತಿರ ಹೋಯಿತೆಂದರೆ ಉಗುರುಬಣ್ಣದಂಥ ಘಾಟು, ಗಂಟಲು ಸುಡುವ ಗಡಸು. ಎಂಟುನೂರು ಡಾಲರಿನ ಸ್ಟೀಲ್ ಪಾತ್ರೆ ಇದನ್ನು ತಡೆಯುವುದಿಲ್ಲ, ಅದು ಬಿಸಿ ಕೋಣೆಯಲ್ಲಿದ್ದರೆ ಅದರೊಳಗಿನ ಬಿಯರೂ ಬಿಸಿಯೇ. ಬಕೆಟ್ಟನ್ನು ಅಗಲವಾದ ತೊಟ್ಟಿಯ ನೀರಿನಲ್ಲಿಟ್ಟು, ಹಳೆಯ ಬನಿಯನ್ ಹೊದಿಸಿ ಅದರ ಅಂಚು ನೀರಿಗೆ ತಾಗುವಂತೆ ಬಿಟ್ಟು, ಬೆಳಿಗ್ಗೆ ಸಂಜೆ ಒಂದೊಂದು ಐಸ್ ಕಟ್ಟಿದ ನೀರಿನ ಬಾಟಲಿ ಹಾಕಿದರೆ ಹಲವು ಡಿಗ್ರಿ ಇಳಿಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತುವ ನಮ್ಮವರಿಗೆ ಇದನ್ನು ಯಾರೋ ಉಪಕರಣವಾಗಿ ಮಾರಬೇಕೇ?

ಹೈಡ್ರೋಮೀಟರ್ ಗಾಜಿನ ಒಂದು ತೇಲುಕಡ್ಡಿ. ಬರೀ ನೀರನ್ನು 1.000 ಎಂದಿಟ್ಟುಕೊಂಡು ವರ್ಟ್ ಎಷ್ಟು ಸಾಂದ್ರವಾಗಿದೆಯೆಂದು ಅದು ತೋರಿಸುತ್ತದೆ, ಯೀಸ್ಟ್ ಸಕ್ಕರೆ ತಿಂದಂತೆ ಅಂಕಿ ಇಳಿಯುತ್ತದೆ. ಶುರುವಿನಲ್ಲಿ 1.050 ಇದ್ದು ಕೊನೆಗೆ 1.010ಕ್ಕೆ ಬಂದರೆ, ವ್ಯತ್ಯಾಸವನ್ನು 131.25ರಿಂದ ಗುಣಿಸಿದಾಗ ಸುಮಾರು ಶೇ 5.25 ಆಲ್ಕೋಹಾಲ್ ಎಂದು ತಿಳಿಯುತ್ತದೆ. ಆದರೆ ನಾನು ಅದನ್ನು ಕೊಳ್ಳಲೇಬೇಕೆನ್ನುವುದು ಈ ಲೆಕ್ಕಕ್ಕಲ್ಲ. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತೆಂದು ಹುದುಗುವುದು ಮುಗಿಯಿತೆಂದು ನಂಬಬಾರದು. ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲಷ್ಟೇ ಬಾಟಲಿಗೆ ತುಂಬಬೇಕು. ಉಳಿದ ಸಕ್ಕರೆ ಮುಚ್ಚಿದ ಬಾಟಲಿಯಲ್ಲಿ ಹುದುಗಿದರೆ ಗಾಜು ಸಿಡಿಯುತ್ತದೆ. ಮಿನಿಯಾಪೊಲಿಸ್‌ನ ಮೊದಲ ಚಳಿಗಾಲದಲ್ಲಿ ನನ್ನ ಬಟ್ಟೆಯ ಕಪಾಟಿನಲ್ಲಿ ಹನ್ನೊಂದು ಬಾಟಲಿ ಸಿಡಿದವು. ಆ ಹೊತ್ತಿನಲ್ಲಿ ಕಪಾಟಿನ ಬಾಗಿಲು ತೆರೆದಿದ್ದರೆ ನನ್ನ ಕಣ್ಣು ಉಳಿಯುತ್ತಿರಲಿಲ್ಲ.

ಹುಡುಗ ಇದನ್ನೆಲ್ಲ ತಾಳ್ಮೆಯಿಂದ ಕೇಳಿ, "ಆದ್ರೂ ಮಾವ, ಅಗ್ಗದ್ದು ತಗೊಂಡು ಆಮೇಲೆ ಎಸೆಯೋದಕ್ಕಿಂತ ಒಂದೇ ಸಲ ಒಳ್ಳೇದು ತಗೊಂಡ್ರೆ ವಾಸಿ ಅಲ್ವಾ?" ಎಂದ. ಈ ಮಾತನ್ನು ನಾನು ಅಲ್ಲಿನ ಅಂಗಡಿಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಳ್ಳೆಯದು ಯಾವುದೆಂದು ತಿಳಿಯಲು ನಾಲ್ಕು ಸಲ ಮಾಡಿ ನೋಡಿರಬೇಕಲ್ಲ? ನಾಲ್ಕು ಸಲ ಮಾಡಿದವನಿಗೆ ತನಗೆ ಬೇಸರ ತರುವುದು ಬಾಟಲಿ ತೊಳೆಯುವುದೋ, ಕುದಿಸುವ ಪಾತ್ರೆಯ ಇಕ್ಕಟ್ಟೋ ಎಂಬುದು ಗೊತ್ತಿರುತ್ತದೆ. ಮೊದಲನೆಯದಾದರೆ ಕೆಗ್, ಎರಡನೆಯದಾದರೆ ದೊಡ್ಡ ಕೊಳಗ. ಇನ್ನು ಎಸೆಯುವುದು ಎಲ್ಲಿಂದ ಬಂತು? ಬಕೆಟ್ಟಿಗೆ ನಲ್ಲಿ ಹಾಕಿದರೆ ಬಾಟಲಿ ತುಂಬುವ ಬಕೆಟ್ಟಾಗುತ್ತದೆ. ಚಿಕ್ಕ ಪಾತ್ರೆ ಮುಂದೆ ನೆನೆಸಿದ ಕಾಳಿನಲ್ಲಿ ಉಳಿದ ಸಿಹಿಯನ್ನು ತೊಳೆದು ತೆಗೆಯುವ ಬಿಸಿನೀರಿಗೆ ಬೇಕೇ ಬೇಕು. ಕಾಳಿನಿಂದಲೇ ಮಾಡುವ ಹಂತಕ್ಕೆ ಬಂದಾಗಲೂ ಆಸ್ಟ್ರೇಲಿಯಾದವರು ರೂಢಿಗೆ ತಂದ, ಕಾಳನ್ನು ಚೀಲದಲ್ಲಿಟ್ಟು ನೆನೆಸುವ ವಿಧಾನಕ್ಕೆ ಒಂದು ದೊಡ್ಡ ಪಾತ್ರೆ, ಒಂದು ಜಾಲರಿ ಬಟ್ಟೆಯ ಚೀಲ ಸಾಕು. ಅವನ ಮಾತಿನಲ್ಲಿ ನಾನು ಒಪ್ಪುವುದು ಇಷ್ಟೇ: ಸೈಫನ್ನು ಮತ್ತು ಮುಚ್ಚಳ ಒತ್ತುವ ಯಂತ್ರದಲ್ಲಿ ತೀರಾ ಅಗ್ಗದ್ದಕ್ಕೆ ಇಳಿಯಬಾರದು. ಬಾಟಲಿಗಂತೂ ಹಣವೇ ಬೇಡ. ತಿರುಪಿನ ಮುಚ್ಚಳವಿಲ್ಲದ, ಕಂದು ಬಣ್ಣದ ಖಾಲಿ ಬಾಟಲಿಗಳನ್ನು ಸ್ನೇಹಿತರಿಂದ ಕೇಳಿ ಐವತ್ತು ಕೂಡಿಸಿಕೊಂಡರಾಯಿತು. ಹಸಿರು ಅಥವಾ ಬಿಳಿ ಗಾಜಾದರೆ ಬೆಳಕು ತಾಗಿ ಹಾಪ್ಸ್ ನಾರುತ್ತದೆ.

ಈ ಸಿಟ್ಟಿನ ಬೇರು ಬೇರೆ ಕಡೆ ಇದೆ, ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಎರಡನೇ ವರ್ಷ ನಾನೂ ಇಂಥದೇ ಪಟ್ಟಿ ಹಿಡಿದು ಆರುನೂರು ಡಾಲರ್ ಕೊಟ್ಟು ಕೆಗ್‌ಗಳನ್ನೂ ದೊಡ್ಡ ಒಲೆಯನ್ನೂ ತಂದೆ. ಅದೇ ತಿಂಗಳು ಅಪ್ಪ ಫೋನ್ ಮಾಡಿ, ಕೊಪ್ಪರಿಗೆಯ ತಳ ಸವೆದಿದೆ, ಆಲೆ ಕಟ್ಟುವ ಮೊದಲು ಬದಲಾಯಿಸಬೇಕು, ಸ್ವಲ್ಪ ಹಣ ಕಳಿಸಲಾಗುತ್ತದೆಯೇ ಎಂದು ಕೇಳಿದ್ದರು. ಮುಂದಿನ ತಿಂಗಳು ಕಳಿಸುತ್ತೇನೆಂದೆ. ಅಪ್ಪ ಮತ್ತೆ ಕೇಳಲಿಲ್ಲ, ಆ ವರ್ಷ ಕಬ್ಬನ್ನೆಲ್ಲ ಕಾರ್ಖಾನೆಗೆ ಹೊಡೆದರು, ಆಲೆಮನೆ ಮತ್ತೆ ಹೊಗೆಯಾಡಲಿಲ್ಲ. ಇತ್ತ ನನ್ನ ಕೆಗ್‌ಗಳಲ್ಲಿ ತುಂಬಿದ್ದು 27 ಡಿಗ್ರಿಯ ಕೋಣೆಯಲ್ಲಿ ಹುದುಗಿದ, ಎರಡು ಗುಟುಕಿಗಿಂತ ಹೆಚ್ಚು ಯಾರೂ ಕುಡಿಯಲಾರದ ಬಿಯರ್. ಬಳಿಕ ಒಂದು ತೊಟ್ಟಿ ಮತ್ತು ಹಳೆಯ ಬನಿಯನ್ನಿನಿಂದ ಅದು ಸರಿಹೋಯಿತು.

ರಾತ್ರಿ ಊಟವಾದ ಮೇಲೆ ಹುಡುಗನೂ ನಾನೂ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದೆವು. ಮುಚ್ಚಳ ಮತ್ತು ಏರ್‌ಲಾಕ್ ಸಮೇತ ಬಕೆಟ್ಟು, ನಲ್ಲಿಯಿರುವ ಇನ್ನೊಂದು ಬಕೆಟ್ಟು, ಸೈಫನ್, ಹೈಡ್ರೋಮೀಟರ್, ಪಟ್ಟಿ ಥರ್ಮಾಮೀಟರ್, ಸ್ಯಾನಿಟೈಸರ್, ಮುಚ್ಚಳ ಒತ್ತುವ ಯಂತ್ರ, ಬಿಯರಿನಲ್ಲಿ ಗುಳ್ಳೆ ಏಳಲೆಂದು ಬಾಟಲಿಗೆ ತುಂಬುವ ಮೊದಲು ಇಡೀ ಹತ್ತೊಂಬತ್ತು ಲೀಟರಿಗೆ ಬೆರೆಸುವ 110ರಿಂದ 120 ಗ್ರಾಂ ಮುಸುಕಿನ ಜೋಳದ ಸಕ್ಕರೆಯನ್ನು ತೂಗಲು ಒಂದು ತಕ್ಕಡಿ. ಅವನೇ ಫೋನಿನಲ್ಲಿ ಬೆಲೆ ಕೂಡಿಸಿದ. ನೂರಮೂವತ್ತು ಡಾಲರಿನೊಳಗೆ ಮುಗಿಯಿತು. ಇವುಗಳಲ್ಲೂ ಮೊದಲು ಕೊಳ್ಳಬೇಕಾದದ್ದು ಬಕೆಟ್ಟು ಮತ್ತು ಥರ್ಮಾಮೀಟರ್ ಎರಡೇ ಎಂದು ಹೇಳಿದ್ದೇನೆ. ಬಕೆಟ್ಟಿಗೆ ಬರೀ ನೀರು ತುಂಬಿ ನೆಲಮಾಳಿಗೆಯಲ್ಲಿಟ್ಟು, ಒಂದು ವಾರ ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಅಂಕಿ ಬರೆದು ನನಗೆ ಕಳಿಸಬೇಕು. ಆ ಹದಿನಾಲ್ಕು ಅಂಕಿಗಳನ್ನು ನೋಡಿದ ಮೇಲೆ ಯಾವ ಯೀಸ್ಟ್ ತರಬೇಕೆಂದು ಹೇಳುತ್ತೇನೆ.